ನಲವತ್ತೇಳನೇ ಹಾಡಿನ ಚೀಟಿ

ಆದಪ್ಪನಿಗೆ ಚೀಟಿ ಅಂಟಿಸುವ ಹುಚ್ಚು ಎಲ್ಲಿಂದ ಬಂತು ಎಂದು ಕೇಳುವವರನ್ನು ನಾನು ಸೀದಾ ಅವನ ಅಡುಗೆಮನೆಗೆ ಕಳಿಸುತ್ತೇನೆ. ಅಲ್ಲಿ ಅವನ ಹೆಂಡತಿ ಮಾಣಿಕಬಾಯಿ ವೈನಿಯ ಹಿಟ್ಟಿನ ಡಬ್ಬಿಗಳಿವೆ. ಅವರು ಜೈನರು. ಬೀಸಿದ ಹಿಟ್ಟಿಗೆ ಅವರಲ್ಲಿ ಮರ್ಯಾದೆ ಅಂತ ಒಂದಿದೆ, ಅಂದರೆ ಇಂತಿಷ್ಟು ದಿನದ ಆಯುಷ್ಯ. ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು. ಅದು ಮುಗಿದರೆ ಆ ಹಿಟ್ಟಿನ ರೊಟ್ಟಿಯನ್ನು ಮುನಿಗಳ ಅಂಜಲಿಗಿರಲಿ, ವೈನಿಯ ತಾಟಿಗೂ ಹಾಕುವಂತಿಲ್ಲ. ಅದಕ್ಕೇ ಪ್ರತಿ ಡಬ್ಬಿಗೂ ಒಂದು ಚೀಟಿ: ಯಾವಾಗ ಬೀಸಿದ್ದು, ಯಾವ ಕಾಳು, ಯಾರ ಗಿರಣಿ. ಚೀಟಿ ಇಲ್ಲದ ಹಿಟ್ಟು ಎಷ್ಟೇ ಬೆಳ್ಳಗಿರಲಿ, ಅದು ಎಮ್ಮೆಗೆ.

ನಾನು ಗುರುಸಿದ್ಧಪ್ಪ. ಮಿರಜದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಲಗ್ನಪತ್ರಿಕೆ ಛಾಪಿಸುತ್ತೇನೆ. ನನ್ನ ಗೋಡೆಗೆ ಬೆನ್ನು ಹಚ್ಚಿಕೊಂಡು ನಿಂತದ್ದೇ ಆದಪ್ಪನ ಲೌಡ್‌ಸ್ಪೀಕರ್ ಅಂಗಡಿ. ಸುತ್ತಲಿನ ಮದುವೆಗಳಿಗೆ ಮೊದಲು ನನ್ನ ಪತ್ರಿಕೆ ಹೋಗುತ್ತದೆ, ಆಮೇಲೆ ಅವನ ಕರ್ಣ, ಅಂದರೆ ಲೌಡ್‌ಸ್ಪೀಕರಿನ ತುತ್ತೂರಿ ಹೋಗುತ್ತದೆ. ಈ ಎರಡನ್ನೂ ತಪ್ಪಿಸಿ ಮದುವೆಯಾದವರು ಓಡಿಹೋಗಿ ಆದವರು ಮಾತ್ರ.

ಅವನ ಮೂಲ ಊರು ಕವಲಾಪುರ. ಮನೆಯಲ್ಲಿ ಹೊಲ ಇತ್ತು, ಅಣ್ಣಂದಿರು ದ್ರಾಕ್ಷಿ ಹಚ್ಚಿದರು, ಚೆನ್ನಾಗಿಯೇ ಬದುಕಿದರು. ಇವನು ಮಾತ್ರ ಚಿಕ್ಕಂದಿನಿಂದ ವೈರು, ಮೈಕು, ಸುಟ್ಟ ವಾಸನೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ ಎಂದು ಅವನ ಅಪ್ಪ ಕೈತೊಳೆದುಕೊಂಡರು. ಎಡವಟ್ಟ ಮಿರಜಕ್ಕೆ ಬಂದು ಎರಡು ಕರ್ಣ ಒಂದು ಆಂಪ್ಲಿಫೈಯರ್ ಇಟ್ಟುಕೊಂಡು ಅಂಗಡಿ ತೆಗೆದ.

ಆಗ ಮದುವೆಗಳು ಮನೆಯ ಮುಂದಿನ ಹಂದರದಲ್ಲಿ ಆಗುತ್ತಿದ್ದವು. ಅರಿಶಿಣ ಹಚ್ಚುವಾಗ ಒಂದು ಹಾಡು, ಸುರಗಿಯ ನೂಲು ಸುತ್ತುವಾಗ ಒಂದು, ಬೀಗರು ಬಾಗಿಲಿಗೆ ಬಂದಾಗ ಒಂದು. ಊಟದ ಪಂಕ್ತಿಯಲ್ಲಿ ಬೀಗರನ್ನು ಬಾಯಿಗೆ ಬಂದಂತೆ ಬೈಯಲಿಕ್ಕೇ ಬೇರೆ ಹಾಡುಗಳು. ಎಲ್ಲ ಕನ್ನಡದಲ್ಲಿ. ಮುದುಕಿಯರು ಮೈಕು ಕಂಡರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು, ಆದರೆ ಬಾಯಿ ಮುಚ್ಚಿಕೊಳ್ಳುತ್ತಿರಲಿಲ್ಲ. ಆದಪ್ಪ ಸುಮ್ಮನೆ ಪಕ್ಕದಲ್ಲಿ ಟೇಪು ಓಡಿಸಿಬಿಡುತ್ತಿದ್ದ. ಏನು ಮಾಡುತ್ತೀ ಇದನ್ನೆಲ್ಲ ಎಂದರೆ, ಇರಲಿ ಬಿಡು, ತಿನ್ನಲಿಕ್ಕೆ ಕೇಳುತ್ತದೇನು ಎನ್ನುತ್ತಿದ್ದ.

ಆಮೇಲೆ ಕಾಲ ಓಡತೊಡಗಿತು. ತೊಂಬತ್ತರ ನಂತರ ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಶೆಡ್ಡಿನ ಮೇಲೆ ಶೆಡ್ಡು ಎದ್ದವು, ಸಾಂಗಲಿ ಮಿರಜ ಬೆಳೆಯುತ್ತ ಬೆಳೆಯುತ್ತ ಒಂದಕ್ಕೊಂದು ತಾಗಿದವು, ಹಂದರ ಹೋಗಿ ಮಂಗಲ ಕಾರ್ಯಾಲಯ ಬಂತು. ಹೆಂಗಸರು ಹಾಡುವುದನ್ನು ಬಿಟ್ಟು ವಿಡಿಯೋದವನ ಕಡೆ ಮುಖ ತಿರುಗಿಸಿ ಕೂತರು. ಹುಡುಗಿಯರಿಗೆ ಅಜ್ಜಿಯ ಕನ್ನಡ ಅರ್ಧ ತಿಳಿಯುತ್ತದೆ, ಉತ್ತರ ಪೂರ್ತಿ ಮರಾಠಿಯಲ್ಲಿ ಬರುತ್ತದೆ. ಆಗ ಆದಪ್ಪನಿಗೆ ತನ್ನ ಕ್ಯಾಸೆಟ್ಟುಗಳ ಬೆಲೆ ತಿಳಿಯಿತು. ಪುರುಸೊತ್ತಾದಾಗಲೆಲ್ಲ ಮಾಲಗಾಂವ, ಕವಲಾಪುರ ಎಂದು ಸೈಕಲ್ ಮೋಟಾರು ಹತ್ತಿ ಹೋಗಿ ಉಳಿದ ಮುದುಕಿಯರನ್ನು ಹಾಡಿಸಿಕೊಂಡು ಬಂದ. ವೈನಿ ಮುನಿಸಿಕೊಂಡಿದ್ದೂ ಉಂಟು. ತನ್ನ ತವರಿಗೆ ವರ್ಷಕ್ಕೊಮ್ಮೆಯೂ ಬರದ ಗಂಡ ಊರ ಮುದುಕಿಯರ ಕಟ್ಟೆಗೆಲ್ಲ ಹೋಗಿ ಕೂರುತ್ತಾನಲ್ಲ ಎಂದು.

ಈ ಹಾಡುಗಳದ್ದು ಒಂದು ತಕರಾರು. ಒಂದೇ ಹಾಡನ್ನು ಮಾಲಗಾಂವದಲ್ಲಿ ಅರಿಶಿಣಕ್ಕೆ ಹಾಡಿದರೆ ಕವಲಾಪುರದಲ್ಲಿ ಹೆಣ್ಣು ಕಳಿಸುವಾಗ ಹಾಡುತ್ತಾರೆ. ಯಾರು ಹಾಡಿದ್ದು, ಯಾವ ಊರು, ಯಾವ ಶಾಸ್ತ್ರಕ್ಕೆ, ಯಾವಾಗ ಹಚ್ಚಲೇಬಾರದು, ಇವೆಲ್ಲ ಗೊತ್ತಿದ್ದರೇ ಹಾಡಿಗೆ ಬೆಲೆ. ಕ್ಯಾಸೆಟ್ಟಿದ್ದಾಗ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದ ಮೇಲೆ ಚೀಟಿ ಎಲ್ಲಿ ಅಂಟಿಸುವುದು? ಫೈಲಿನ ಹೆಸರಿನಲ್ಲೇ ಕನ್ನಡದಲ್ಲಿ ಬರೆದರೆ ಬೇರೆಯವರ ಕಂಪ್ಯೂಟರಿನಲ್ಲಿ ಬರೀ ಚೌಕ ಚೌಕ ಕಾಣುತ್ತಿತ್ತು. ಫೈಲಿನ ಒಳಗೆ ಸೇರಿಸಬಹುದಲ್ಲ ಎಂದರೆ, ಮುದುಕಿಯ ಹಾಡಿನೊಳಗೆ ನಾನು ಕೈ ಹಾಕುವುದಿಲ್ಲ ಎಂದು ಹಟ. ಹಟಮಾರಿತನದಲ್ಲಿ ಅವನಿಗೆ ಸಮ ಯಾರಾದರೂ ಇದ್ದರೆ ಅವನ ಹಳೇ ಆಂಪ್ಲಿಫೈಯರ್ ಒಂದೇ.

ದಾರಿ ತೋರಿಸಿದವನು ಅವನ ಅಣ್ಣನ ಮಗ ನೀಲೇಶ. ಕುಪವಾಡದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರು ನೋಡಿಕೊಳ್ಳುತ್ತಿದ್ದ, ಕಾಕಾನ ಮನೆಯಲ್ಲೇ ಇದ್ದ. ಕಾಕಾನ ಕಂಪ್ಯೂಟರಿಗೆ ಅವನು ಲಿನಕ್ಸ್ ಹಾಕಿದ್ದ. ಅದು ಪುಕ್ಕಟೆ, ಅದರ ಒಳಗುಟ್ಟು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಅದರಲ್ಲಿ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ ಎಂಬ ಒಂದು ಸೌಕರ್ಯ ಇದೆ, ಡಿಸ್ಕಿಗೆ ಒಂದು ಮಾತು ಹೇಳಿ ಅದನ್ನು ಚಾಲೂ ಮಾಡಿಕೊಳ್ಳಬೇಕಷ್ಟೆ ಎಂದ. ಆದಪ್ಪ ಕಣ್ಣು ಕಣ್ಣು ಬಿಟ್ಟ. ನೀಲೇಶ ಅಡುಗೆಮನೆಯ ಕಡೆ ಕೈ ತೋರಿಸಿದ. ಫೈಲು ಅಂದರೆ ಕಾಕೂನ ಹಿಟ್ಟು. ಹೆಸರು ಅಂದರೆ ಡಬ್ಬಿ. ಆಟ್ರಿಬ್ಯೂಟ್ ಅಂದರೆ ಡಬ್ಬಿಗೆ ಅಂಟಿಸಿದ ಚೀಟಿ. ಹಿಟ್ಟಿಗೆ ಕೈ ಹಾಕದೆ, ಡಬ್ಬಿ ಬದಲಿಸದೆ, ಏನು ಬೇಕಾದರೂ ಬರೆದು ಅಂಟಿಸು.

ಅವತ್ತಿನಿಂದ ಆದಪ್ಪನನ್ನು ಹಿಡಿಯುವವರಿರಲಿಲ್ಲ. ಹಾಡುಗಳ ಹೆಸರು ಬರೀ ಅಂಕಿಗಳಾಗಿ ಉಳಿದವು, ಅವುಗಳ ಜಾತಕವೆಲ್ಲ ಚೀಟಿಯಲ್ಲಿ ಹೋಯಿತು. ನೀಲೇಶ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟ. ಅರಿಶಿಣ ಎಂದು ಒತ್ತಿದರೆ ಅರಿಶಿಣದ ಚೀಟಿ ಇದ್ದ ಹಾಡುಗಳೆಲ್ಲ ಸಾಲಾಗಿ ನಿಲ್ಲುತ್ತಿದ್ದವು. ಒಂದು ಪುಸ್ತಕದಲ್ಲೂ ಬರೆದಿಡೋ ಮಾರಾಯ ಎಂದು ನಾನು ಹೇಳಿದೆ. ಪುಸ್ತಕ ಯಾತಕ್ಕ, ಚೀಟಿ ಹಾಡಿನ ಸಂಗಾಟ ಐತಲ್ಲ ಎಂದು ನಕ್ಕ. ಛಾಪಖಾನೆಯವನ ಮಾತು ಯಾರಿಗೆ ಬೇಕು.

ಹೀಗಿರುವಾಗ ಮಗಳು ಪ್ರಣಾಲಿಯ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಉಗಾರದವರು, ಗಡಿಯಾಚೆ, ಅಚ್ಚ ಕನ್ನಡದವರು. ಬೀಗತಿ ಶಾಲನಬಾಯಿ ಗಟ್ಟಿ ಹೆಂಗಸು, ಮಾತು ಅದಕ್ಕಿಂತ ಗಟ್ಟಿ. ನಿಶ್ಚಯದ ದಿನ ನಮ್ಮ ಹುಡುಗಿಯರು ಒಬ್ಬರಿಗೊಬ್ಬರು ಮರಾಠಿಯಲ್ಲಿ ಪಿಸುಗುಟ್ಟುವುದನ್ನು ಕೇಳಿ, ಚಹಾದ ಬಶಿ ಕೆಳಗಿಟ್ಟು ಆಡಿಯೇಬಿಟ್ಟರು.

"ಬೀಗರ, ನಿಮ್ಮ ಮನ್ಯಾಗ ಕನ್ನಡ ಎಮ್ಮಿ ಬೈಯಾಕ ಅಷ್ಟ ಉಳದೈತಿ ನೋಡ್ರಿ."

ಎಲ್ಲರೂ ನಕ್ಕರು. ಆದಪ್ಪನೂ ನಕ್ಕ. ಆದರೆ ಆ ಮಾತು ಅವನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಆ ರಾತ್ರಿ ಊಟ ಸೇರಲಿಲ್ಲ ಎಂದು ವೈನಿ ಹೇಳಿದರು, ಸೂರ್ಯ ಮುಳುಗುವ ಮೊದಲೇ ಉಣ್ಣುವ ಮಂದಿ, ಬಹುಶಃ ಸಂಜೆಯ ಊಟ ಇರಬೇಕು. ಮರುದಿನ ಅಂಗಡಿಗೆ ಬಂದವನೇ ನನಗೆ ಹೇಳಿದ: ಮದುವೆಯಲ್ಲಿ ಒಂದು ಸಿನೆಮಾ ಹಾಡೂ ಬೇಡ, ಬ್ಯಾಂಡೂ ಬೇಡ, ಒಂದೊಂದು ಶಾಸ್ತ್ರಕ್ಕೂ ಅದರದೇ ಕನ್ನಡ ಹಾಡು. ಬೀಗತಿ ಕೇಳಬೇಕು, ಕೇಳಿ ಸುಮ್ಮನಾಗಬೇಕು. ತನ್ನ ಮನೆಯಲ್ಲಿ ಕನ್ನಡ ಎಷ್ಟು ಉಳಿದಿದೆ ಎನ್ನುವುದು ಅವರಿಗೆ ಗೊತ್ತಾಗಬೇಕು. ಮಗಳ ಮದುವೆಗಿಂತ ಇದರ ಚಿಂತೆಯೇ ಅವನಿಗೆ ಹೆಚ್ಚಾಯಿತು.

ಮದುವೆಗೆ ಸ್ವಲ್ಪ ಮೊದಲು ಹಳೇ ಕಂಪ್ಯೂಟರು ಘರಘರ ಎನ್ನತೊಡಗಿತು. ಮುಹೂರ್ತದಲ್ಲಿ ಕೈ ಕೊಟ್ಟರೆ ಏನು ಗತಿ ಎಂದು ಹೊಸದು ತಂದರು. ನೀಲೇಶ ಪೆನ್‌ಡ್ರೈವಿನಲ್ಲಿ ತುಂಬಿ ತುಂಬಿ ಎಲ್ಲ ಹಾಡುಗಳನ್ನೂ ಹೊಸದಕ್ಕೆ ಹಾಕಿದ. ಆದಪ್ಪ ಅಲ್ಲೊಂದು ಇಲ್ಲೊಂದು ಹಚ್ಚಿ ನೋಡಿದ, ಗಂಟೆ ಹೊಡೆದ ಹಾಗೆ ಕೇಳಿಸಿದವು. ಹಳೇ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಒರೆಸಿ ಅದನ್ನು ನೀಲೇಶನ ಗೆಳೆಯನಿಗೆ ಕೊಟ್ಟರು. ಒಬ್ಬರಾದರೂ ಆ ಸಣ್ಣ ಪ್ರೋಗ್ರಾಂ ತೆಗೆದು ನೋಡಬೇಡವೇ? ಮದುವೆ ಮನೆಯ ಗಡಿಬಿಡಿ, ಯಾರೂ ನೋಡಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಕಾರ್ಯಾಲಯದ ಬಾಗಿಲಲ್ಲಿ ವೈನಿ ಆರತಿ ಹಿಡಿದು ನಿಂತಿದ್ದರು. ಉಗಾರದ ದಿಬ್ಬಣ ಬಂತು. ಮುಂದೆ ಶಾಲನಬಾಯಿ, ಹಿಂದೆ ರುಮಾಲಿನ ಹಿರಿಯರು. ಬಾಗಿಲ ಪಕ್ಕದ ಮೇಜಿನ ಹಿಂದೆ ಆದಪ್ಪ ಹೊಸ ಅಂಗಿ ತೊಟ್ಟು ಕಂಪ್ಯೂಟರಿನ ಮುಂದೆ ಕೂತಿದ್ದ, ಪಕ್ಕದಲ್ಲಿ ನೀಲೇಶ, ಅವರ ಬೆನ್ನ ಹಿಂದೆ ನಾನು. ಆದಪ್ಪ ಬೀಗರನ್ನು ಎದುರುಗೊಳ್ಳುವ ಹಾಡು ಎಂದು ಒತ್ತಿದ. ಏನೂ ಬರಲಿಲ್ಲ. ಅರಿಶಿಣ ಎಂದು ಒತ್ತಿದ. ಏನೂ ಇಲ್ಲ. ಹಾಡುಗಳೆಲ್ಲ ಇದ್ದವು, ಒಂದು, ಎರಡು, ಮೂರು ಎಂದು ಬೋಳು ಅಂಕಿಗಳಾಗಿ. ಚೀಟಿ ಒಂದೂ ಇರಲಿಲ್ಲ.

ನೀಲೇಶನ ಮುಖ ಸುಣ್ಣ ಬಳಿದಂತಾಯಿತು. ಅವನಿಗೆ ಒಮ್ಮೆಗೇ ಹೊಳೆದಿತ್ತು. ಪೆನ್‌ಡ್ರೈವಿನ ಹಳೇ ಪದ್ಧತಿಯ ಫಾರ್ಮ್ಯಾಟಿನಲ್ಲಿ ಇಂಥ ಚೀಟಿ ಇಡಲು ಜಾಗವೇ ಇಲ್ಲ. ನಕಲು ಮಾಡುವ ಆಜ್ಞೆಯಾದರೂ, ಸ್ವಾಮಿ, ಚೀಟಿ ಬಿಟ್ಟುಹೋಗುತ್ತಿದೆ ಎಂದು ಒಂದು ಮಾತು ಹೇಳಬಾರದೇ? ಹೇಳುವುದಿಲ್ಲ. ಬಾಯಿ ಮುಚ್ಚಿಕೊಂಡು ಹಾಡನ್ನಷ್ಟೇ ದಾಟಿಸುತ್ತದೆ. ಹಳೇ ಡಿಸ್ಕನ್ನು ತನ್ನ ಕೈಯಾರೆ ಒರೆಸಿದ್ದು ನೆನಪಾಗಿ ಆ ಹುಡುಗ ಕುರ್ಚಿಯ ತುದಿ ಹಿಡಿದುಕೊಂಡ.

ಬೀಗರು ಹೊಸ್ತಿಲಲ್ಲಿ ನಿಂತಿದ್ದಾರೆ. ಹಾಡಿಲ್ಲದೆ ಒಳಗೆ ಬರುವಂತಿಲ್ಲ, ಹಾಡು ಹಚ್ಚುತ್ತೇವೆ ಎಂದು ಊರಿಗೆಲ್ಲ ಸಾರಿದವನು ಇವನೇ. ಆದಪ್ಪ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ನಲವತ್ತೇಳು, ನಲವತ್ತೇಳೇ ಇರಬೇಕು ಎಂದು ಗೊಣಗಿ ಒತ್ತಿದ. ನಾಲ್ಕೂ ಸ್ಪೀಕರಿನಿಂದ ಒಬ್ಬ ಮುದುಕಿಯ ಕಂಚಿನ ಕಂಠ ಎದ್ದಿತು.

ಬಂದಾಳ ಬೀಗತಿ, ಬುಟ್ಟಿ ರೊಟ್ಟಿ ತಿಂದಾಳ,
ಇನ್ನೂ ಹಸಿವಂತ ಹೊಟ್ಟಿ ಬಡಕೊಂತ ನಿಂತಾಳ,
ಅಡಗಿಮನಿ ಕದ ಹಾಕ್ರವ್ವ.

ಇದು ಪಂಕ್ತಿಯಲ್ಲಿ ಬೈಯುವ ಹಾಡು. ಕೊರಳಿಗೆ ತಾಳಿ ಬಿದ್ದು, ನಂಟಸ್ತನ ಗಟ್ಟಿಯಾಗಿ, ಬೀಗರ ಹೊಟ್ಟೆ ಹೋಳಿಗೆಯಿಂದ ತುಂಬಿದ ಮೇಲೆ ಹಾಡಿದರೆ ಅದು ಪ್ರೀತಿ. ಬಾಗಿಲಲ್ಲೇ ಹಾಡಿದರೆ ಬಂದ ದಾರಿಗೆ ಸುಂಕವಿಲ್ಲ ಎಂದು ದಿಬ್ಬಣ ತಿರುಗಿ ಹೋಗಬಹುದು. ನಮ್ಮ ಹುಡುಗಿಯರಿಗೆ ಇದರ ಗಂಧವೇ ಇಲ್ಲ, ಹಳೇ ಹಾಡು, ಕಿತೀ ಗೋಡ, ಎಷ್ಟು ಸಿಹಿ ಎಂದು ತಲೆದೂಗುತ್ತಿದ್ದರು. ವಿಡಿಯೋದವನು ಶಾಲನಬಾಯಿಯ ಮುಖಕ್ಕೇ ದೀಪ ಹಿಡಿದ. ವೈನಿಗೆ ಮಾತ್ರ ತಿಳಿಯಿತು, ಆರತಿಯ ತಟ್ಟೆ ಅರ್ಧಕ್ಕೇ ನಿಂತಿತು. ಉಗಾರದ ರುಮಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದಪ್ಪ ಹಾಡು ನಿಲ್ಲಿಸಲು ಕೈ ಚಾಚಿದ.

"ಇರಲಿ ಬಿಡ್ರಿ," ಎಂದರು ಶಾಲನಬಾಯಿ. "ಪೂರಾ ಆಗ್ಲಿ."

ಮುದುಕಿ ಎರಡನೇ ನುಡಿಗೆ ಬಂದಳು.

ಜರತಾರಿ ಸೀರಿ ಉಟ್ಟು ಜಂಬ ಮಾಡಿ ಬಂದಾಳ,
ಸೀರಿ ಯಾರದಂದ್ರ ನೆರಿಮನಿ ಕಡೆ ನೋಡ್ತಾಳ,
ಸೆರಗ ಹಿಡದು ಕೇಳ್ರವ್ವ.

ಕೊನೆಗೆ ಒಂದು ಕೆಮ್ಮು, ಕೆಮ್ಮಿನ ಹಿಂದೆ ಮುದುಕಿಯದೇ ಒಂದು ಕಿಸಕ್ ನಗು. ಹಾಡು ಮುಗಿಯಿತು. ಆದಪ್ಪ ಎದ್ದು ಹೋಗಿ ಬೀಗತಿಯ ಎದುರು ಕೈ ಜೋಡಿಸಿ ನಿಂತ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಶಾಲನಬಾಯಿ ಕೇಳಿದ್ದು ಒಂದೇ ಮಾತು, ಇದನ್ನು ಹಾಡಿದಾಕೆ ಯಾರು ಎಂದು.

"ಹೆಸರ ಬರದಿದ್ನಿರಿ," ಎಂದ ಆದಪ್ಪ. "ಚೀಟಿಮ್ಯಾಲೆ ಇತ್ತು. ಚೀಟಿ ಹೋಗ್ಯಾವ್ರಿ."

"ಚೀಟಿ ಯಾಕ ಬೇಕು, ನಾ ಹೇಳ್ತೇನಿ. ಮಾಲಗಾಂವದಾಗ ಕೊಟ್ಟಿದ್ದ ನಮ್ಮ ಅಕ್ಕಾತಾಯಿ ಮಾವಶಿ, ನಮ್ಮವ್ವನ ತಂಗಿ. ಆ ಕೆಮ್ಮು ಆಕಿದ. ನನ್ನ ಮದುವ್ಯಾಗ ನಮ್ಮ ಅತ್ತೀಗಿ ಇದನ್ನ ಹಾಡಿ ಅಳಸಿದ್ಲು. ಈಗ ಸತ್ತ ಮ್ಯಾಲೆ ಬಂದು ನನಗ ಬೈದ್ಲು ನೋಡ್ರಿ."

ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು, ನೀರಿನ ಹಿಂದೆಯೇ ನಗು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ಬೈದ ಹಾಡಿಗೆ ಉತ್ತರ ಕೊಡದೆ ಒಳಗೆ ಬಂದರೆ ಮಾವಶಿ ಮೆಚ್ಚುವುದಿಲ್ಲ ಎಂದು, ಹೊಸ್ತಿಲ ಮೇಲೇ ನಿಂತು ದನಿ ತೆಗೆದರು. ಮೈಕೂ ಇಲ್ಲ, ಮಣ್ಣೂ ಇಲ್ಲ.

ಕದ ಹಾಕಿದ ಬೀಗತಿ, ಕಿಡಕಿ ಮರತೀಯೇನ,
ನಿನ್ನ ಒಲಿಮ್ಯಾಲಿನ ಹೋಳಿಗಿ ವಾಸನಿ ಬಂದೈತಿ,
ಕಿಡಕ್ಯಾಗಿಂದ ಬರತೇನವ್ವ.

ಮೊದಲು ನಕ್ಕವರು ರುಮಾಲಿನ ಹಿರಿಯರು. ಆಮೇಲೆ ಇಡೀ ಕಾರ್ಯಾಲಯ ನಕ್ಕಿತು, ಅರ್ಥವಾಗದ ಹುಡುಗಿಯರು ಉಳಿದವರು ನಗುತ್ತಾರೆಂದು ನಕ್ಕರು. ವೈನಿಯ ಆರತಿ ಮತ್ತೆ ತಿರುಗಿತು. ಪ್ರಣಾಲಿಯ ಕೊರಳಿಗೆ ತಾಳಿ ಹೊತ್ತಿಗೆ ಸರಿಯಾಗಿ ಬಿತ್ತು.

ಮದುವೆ ಚೆಂದಾಯಿತು, ಆದರೆ ಆದಪ್ಪ ಮುಖ ಇಳಿಬಿಟ್ಟುಕೊಂಡೇ ಇದ್ದ. ಬೀಗತಿ ದೊಡ್ಡ ಮನಸ್ಸು ಮಾಡಿದರು ಸರಿ, ಗೆದ್ದವರೂ ಅವರೇ. ಇವನ ಅಷ್ಟು ವರ್ಷದ ಹಾಡುಗಳು ಈಗ ಊರು ಹೆಸರಿಲ್ಲದ ಪರದೇಶಿಗಳು. ಹಾಡಿದ ಮುದುಕಿಯರಲ್ಲಿ ಬಹಳ ಮಂದಿ ಇಲ್ಲ. ನೀಲೇಶ ಮತ್ತೆ ಮತ್ತೆ ತಪ್ಪಾಯಿತು ಎನ್ನುತ್ತಿದ್ದ. ಒಂದು ದಿನ ವೈನಿಗೆ ಸಾಕಾಗಿ, ಆದದ್ದೇನು ಎಂದು ಬಿಡಿಸಿ ಕೇಳಿದರು. ನೀಲೇಶ ಹೇಳಿದ.

"ಅಂದ್ರ ಹಿಟ್ಟು ಹೊಸಾ ಡಬ್ಬಿಗಿ ಸುರುವಿದ್ರಿ, ಚೀಟಿ ಹಳೇ ಡಬ್ಬಿಮ್ಯಾಲ ಬಿಟ್ರಿ," ಎಂದರು ವೈನಿ. "ನನ್ನ ಮನ್ಯಾಗ ಇದ್ದು ಇದನ್ನ ಮಾಡ್ತೀರಿ?"

ಗಂಡ, ನೀಲೇಶ ಇಬ್ಬರೂ ತಲೆ ತಗ್ಗಿಸಿದರು. ಚೀಟಿಯಿಲ್ಲದ ಹಿಟ್ಟಿನ ರೊಟ್ಟಿಯನ್ನು ಜನ್ಮದಲ್ಲಿ ಮುಟ್ಟದ ಮನೆಯವರು ಮಾಡುವ ತಪ್ಪೇ ಇದು? ನನಗೆ ನಗು ತಡೆಯಲಾಗಲಿಲ್ಲ, ಬೈಸಿಕೊಂಡೆ. ಹಿಟ್ಟಾದರೆ ಎಮ್ಮೆಗೆ ಹಾಕುತ್ತಿದ್ದೆ, ಹಾಡನ್ನು ಯಾರಿಗೆ ಹಾಕಲಿ ಎಂದರು ವೈನಿ. ಆಮೇಲೆ ಹೋಗಿ ಉಗಾರಕ್ಕೆ ಫೋನು ಹಚ್ಚಿದರು. ಗಂಡನಿಗೆ ಒಂದು ಮಾತೂ ಹೇಳಲಿಲ್ಲ.

ಶಾಲನಬಾಯಿಗೆ ಆ ವರ್ಷ ಏನೇನು ಬೇನೆ ಬಂದವೋ ದೇವರೇ ಬಲ್ಲ. ಮಿರಜ ಡಾಕ್ಟರುಗಳ ಊರು. ಒಮ್ಮೆ ಕಣ್ಣು ತೋರಿಸಲಿಕ್ಕೆ ಬಂದರು, ಒಮ್ಮೆ ಮೊಣಕಾಲು, ಒಮ್ಮೆ ಹಲ್ಲು. ದವಾಖಾನೆಗೆ ಹೋದದ್ದನ್ನು ನಾನಂತೂ ನೋಡಲಿಲ್ಲ. ಬಸ್ಸಿಳಿದು ಸೀದಾ ಆದಪ್ಪನ ಅಂಗಡಿ. ವೈನಿ ಚಹಾ ಫರಾಳ ತಂದಿಡುವರು, ಆದಪ್ಪ ಒಂದೊಂದೇ ಹಾಡು ಹಚ್ಚುವನು, ಬೀಗತಿ ಕಣ್ಣು ಮುಚ್ಚಿ ಕೇಳುವರು. ಇದು ಅರಿಶಿಣದ್ದು. ಇದು ಹೆಣ್ಣು ಕಳಿಸುವುದು, ಇದನ್ನು ಹಚ್ಚುವ ಮೊದಲು ಹುಡುಗಿಯ ತಾಯಿಯನ್ನು ಕೂಡಿಸು. ಕೆಲವುಗಳಲ್ಲಿ ದನಿ ಗುರುತು ಸಿಕ್ಕುತ್ತಿತ್ತು, ಕೆಲವಕ್ಕೆ ಆದಪ್ಪನಿಗೇ ನೆನಪಾಗುತ್ತಿತ್ತು. ಇಬ್ಬರಿಗೂ ತಿಳಿಯದಿದ್ದರೆ ವೈನಿ ಬಾಗಿಲಲ್ಲಿ ನಿಂತು ಗುನುಗಿ ಹೇಳುತ್ತಿದ್ದರು, ಮರೆತೆನೆಂದುಕೊಂಡದ್ದು ಅವರಿಗೂ ತಿರುಗಿ ಬರುತ್ತಿತ್ತು. ಹಾಗೂ ಕೆಲವು ಹಾಡುಗಳ ಮುದುಕಿಯರು ಸಿಕ್ಕಲೇ ಇಲ್ಲ. ಅವಕ್ಕೆ ಆದಪ್ಪ, ಹೆಸರು ಗೊತ್ತಿಲ್ಲ, ದನಿ ಒಳ್ಳೇದು ಎಂದು ಬರೆದ.

ಈ ಸಲ ನೀಲೇಶ ಹುಷಾರಾಗಿದ್ದ. ನಕಲು ಮಾಡುವ ಮೊದಲು ಚೀಟಿಗಳನ್ನೆಲ್ಲ ಬೇರೆಯಾಗಿ ಬಿಡಿಸಿಟ್ಟುಕೊಂಡು, ಹಾಡು ಹೊಸ ಜಾಗಕ್ಕೆ ಹೋದ ಮೇಲೆ ಮತ್ತೆ ಅಂಟಿಸುವ ಆಜ್ಞೆ ಬರೆದ. ಅಂಟಿದವೋ ಇಲ್ಲವೋ ಎಂದು ತೆರೆದು ನೋಡಿದ. ವೈನಿ ಅವನ ಬೆನ್ನ ಹಿಂದೆ ನಿಂತು ಇನ್ನೊಮ್ಮೆ ನೋಡಿದರು.

ಮುಂದಿನ ಚಳಿಗಾಲದಲ್ಲಿ ಪ್ರಣಾಲಿ ಚೊಚ್ಚಿಲ ಬಾಣಂತನಕ್ಕೆ ತವರಿಗೆ ಬಂದಳು, ಹೆಣ್ಣು ಕೂಸು ಹಡೆದಳು. ತೊಟ್ಟಿಲಿಗೆ ಹಾಕುವ ದಿನ ಉಗಾರದವರು ಮತ್ತೆ ಬಂದರು, ಈ ಸಲ ಕಾರ್ಯಾಲಯಕ್ಕಲ್ಲ, ಆದಪ್ಪನ ಮನೆಗೆ. ಆದಪ್ಪ ಅದೇ ಹೊಸ ಅಂಗಿ ತೊಟ್ಟು ಕಂಪ್ಯೂಟರಿನ ಮುಂದೆ ಕೂತಿದ್ದ. ಬೀಗರನ್ನು ಎದುರುಗೊಳ್ಳುವ ಹಾಡು ಎಂದು ಒತ್ತಿದ. ಸಾಲಾಗಿ ಬಂದು ನಿಂತವು. ಅದರಲ್ಲಿ ಒಳ್ಳೆಯದೊಂದನ್ನು ಆರಿಸಿ ಹಚ್ಚಿದ. ಬನ್ನಿರಿ ಬೀಗರ, ಬಂಗಾರದ ಮಣಿಮ್ಯಾಲ ಕುಂದಿರ್ರಿ ಎಂದು ಕವಲಾಪುರದ ಮುದುಕಿ ಸಕ್ಕರೆಯಂತೆ ಹಾಡತೊಡಗಿದಳು. ಆದಪ್ಪ ತಲೆಯೆತ್ತಿ ಬೀಗತಿಯ ಮುಖ ನೋಡಿದ. ಇಷ್ಟು ದಿನ ಈ ಗಳಿಗೆಗೆ ಕಾದಿದ್ದ ಪಾಪ.

ಶಾಲನಬಾಯಿ ಕುಂಚಿಗೆ, ಬಳೆ ಇದ್ದ ಬುಟ್ಟಿ ಹಿಡಿದು ಹೊಸ್ತಿಲಾಚೆ ನಿಂತುಬಿಟ್ಟರು. ಒಳಗೆ ಕಾಲಿಡಲಿಲ್ಲ.

"ಇದು ಪರವೂರ ಬೀಗರಿಗಿ ಹಾಡೂದು," ಎಂದರು. "ನನ್ನ ಹಾಡು ಹಚ್ಚ್ರಿ. ಇಲ್ಲಂದ್ರ ನಾ ಒಳಗ ಬರಂಗಿಲ್ಲ."

ಆದಪ್ಪನಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ ಕವಲಾಪುರದ ಮುದುಕಿಯನ್ನು ಅರ್ಧಕ್ಕೇ ನಿಲ್ಲಿಸಿದ. ನಲವತ್ತೇಳು ಒತ್ತಿದ. ಬಂದಾಳ ಬೀಗತಿ, ಬುಟ್ಟಿ ರೊಟ್ಟಿ ತಿಂದಾಳ ಎಂದು ಅಕ್ಕಾತಾಯಿ ಶುರು ಮಾಡಿದಳು. ವೈನಿ ಅದರ ತಾಳಕ್ಕೇ ಆರತಿ ಬೆಳಗಿದರು. ಪ್ರಣಾಲಿ ಕೂಸನ್ನು ಎತ್ತಿಕೊಂಡು ಬಂದು ಕದ ಹಾಕ್ರವ್ವ ಎನ್ನುವಲ್ಲಿ ದನಿಗೂಡಿಸಿದಳು, ಉಗಾರದಲ್ಲಿ ಒಂದು ವರ್ಷ ಬಾಳಿ ಅಷ್ಟು ಕಲಿತಿದ್ದಳು. ಕೆಮ್ಮು ಮುಗಿಯುವವರೆಗೂ ನಿಂತು ಕೇಳಿ, ಬಲಗಾಲಿಟ್ಟು ಶಾಲನಬಾಯಿ ಒಳಗೆ ಬಂದರು.

ಎಲ್ಲರೂ ತೊಟ್ಟಿಲ ಸುತ್ತ ಸೇರಿದಾಗ ಆದಪ್ಪ ಆ ಹಾಡಿನ ಚೀಟಿ ತೆಗೆದ. ಅಕ್ಕಾತಾಯಿ, ಮಾಲಗಾಂವ, ಊಟದ ಪಂಕ್ತಿಗೆ, ಬಾಗಿಲಲ್ಲಿ ಹಚ್ಚಲೇಬಾರದು ಎಂದು ಅದರಲ್ಲಿತ್ತು. ಕೊನೆಯ ಮಾತನ್ನು ಅಳಿಸಿ ಬೇರೆ ಬರೆದ. ನಾನು ಬಗ್ಗಿ ಓದಿದೆ: ನಮ್ಮ ಬೀಗತಿ ಬಾಗಿಲಿಗೆ ಬಂದಾಗ ಇದನ್ನೇ ಹಚ್ಚಬೇಕು. ನೀಲೇಶ ಅದನ್ನು ಚೀಟಿ ಸಮೇತ ಇನ್ನೊಂದು ಡಿಸ್ಕಿಗೂ ದಾಟಿಸಿದ. ಅತ್ತ ಒಲೆಯ ಮೇಲೆ ಹೋಳಿಗೆ ಬೇಯುತ್ತಿತ್ತು, ವೈನಿ ಅಡುಗೆಮನೆಯ ಕದ ತೆರೆದೇ ಇಟ್ಟಿದ್ದರು.